ಅಂಗಡಿಯ ಲೆಕ್ಕ ಯಾರ ಕೈಯಲ್ಲಿ?

ಗಡಿಯಾಚೆ ನೆಲೆನಿಂತ ನಮ್ಮ ಕನ್ನಡ ಮನೆತನಗಳಿಗೆ ಒಕ್ಕಲುತನವನ್ನು ಬಿಟ್ಟರೆ ವ್ಯಾಪಾರವೇ ಹಿರಿದಾದ ಆಧಾರ. ಸೊಲ್ಲಾಪುರದಲ್ಲಿ ಚಾದರ, ಟಾವೆಲುಗಳ ಮಗ್ಗದಿಂದ ಹಿಡಿದು ಶೇಂಗಾ ಚಟ್ನಿ, ಕಡಕ್ ರೊಟ್ಟಿಯ ಮನೆಯುದ್ಯೋಗದವರೆಗೆ; ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರನ್ನು ನೆಚ್ಚಿದ ಪೇಟೆ; ಕಾಸರಗೋಡಿನಲ್ಲಿ ಅಡಿಕೆ, ಆದವಾನಿಯಲ್ಲಿ ಹತ್ತಿ, ನೀಲಗಿರಿಯಲ್ಲಿ ಚಹ. ಇಂಥ ಯಾವ ಅಂಗಡಿಗೆ ಹೋದರೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಲೆಕ್ಕದ ವಹಿಯೊಂದು ಇದ್ದೇ ಇರುತ್ತದೆ. ಈಗೀಗ ಅದರ ಮಗ್ಗುಲಲ್ಲಿ ಒಂದು ಕಂಪ್ಯೂಟರೂ ಬಂದು ಕುಳಿತಿದೆ. ಆದರೆ ಆ ಲೆಕ್ಕವನ್ನು ಬರೆಯುವವರು ಯಾರು, ಅದನ್ನು ಸರಕಾರಕ್ಕೆ ಒಪ್ಪಿಸುವವರು ಯಾರು, ತಪ್ಪಾದಾಗ ಉತ್ತರ ಕೊಡಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಬೇರೆ ಉತ್ತರಗಳಿವೆಯೆಂಬುದು ನಮ್ಮ ಅನೇಕ ಕುಟುಂಬಗಳ ಗಮನಕ್ಕೆ ಬಂದಂತಿಲ್ಲ.

ವ್ಯಾಪಾರ ಸ್ವಲ್ಪ ಕುದುರಿತೆಂದರೆ ಮನೆಯಲ್ಲಿ ಈ ಚರ್ಚೆ ಏಳುತ್ತದೆ. ನಂಬಿಗಸ್ತ ಗುಮಾಸ್ತನೊಬ್ಬನಿದ್ದರೆ ಸಾಕು, ಅಪ್ಪನ ಕಾಲದಿಂದ ನಡೆದುಬಂದದ್ದೇ ನಡೆಯಲಿ ಎಂದು ಹಿರಿಯರು ಹೇಳುತ್ತಾರೆ. ಕಾಲೇಜು ಕಲಿತು ಬಂದ ಮಗನಾದರೋ, ಗುಮಾಸ್ತನ ಸಂಬಳವನ್ನು ಉಳಿಸಿ ಎಲ್ಲವನ್ನೂ ಟ್ಯಾಕ್ಸಿನವರಿಗೆ ಒಪ್ಪಿಸಿಬಿಡೋಣ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವುಂಟು. ಮಿಕ್ಕ ಅರ್ಧವನ್ನು ತಿಳಿಯದೆ ಹೋದ ಮನೆಗಳಿಗೆ ಒಂದು ದಿನ ನೋಟೀಸು ಬರುತ್ತದೆ. ಅದನ್ನು ಓದಿ ಹೇಳುವವರನ್ನು ಹುಡುಕುವುದರಲ್ಲೇ ಉತ್ತರ ಕೊಡುವ ಗಡುವು ಮುಗಿದಿರುತ್ತದೆ.

ಮೊದಲು ಲೆಕ್ಕ ಬರೆಯುವವನ ಮಾತು. ಸೊಲ್ಲಾಪುರದ ಕಡೆ ಅವನು ದಿವಾಣಜಿ, ಬೇರೆಡೆ ಗುಮಾಸ್ತ, ಕಾಸರಗೋಡಿನ ಕಡೆ ರೈಟರು. ಈ ಕಸುಬಿಗೆ ನಮ್ಮ ನೆಲದಲ್ಲಿ ಗೌರವದ ಇತಿಹಾಸವಿದೆ. ಬಿಜ್ಜಳನ ಆಳಿಕೆಯಲ್ಲಿ ಬಸವಣ್ಣನವರು ಕರಣಿಕರಾಗಿ ಉದ್ಯೋಗ ಆರಂಭಿಸಿದ್ದು ಮಂಗಳವೇಢೆಯಲ್ಲಿ ಎಂದು ಪರಂಪರೆ ಹೇಳುತ್ತದೆ. ಆ ಮಂಗಳವೇಢೆ ಇಂದು ಸೊಲ್ಲಾಪುರ ಜಿಲ್ಲೆಯ ಒಂದು ತಾಲೂಕು. ರಾಜ್ಯದ ಭಂಡಾರವಿರಲಿ, ಬೀದಿಯ ಕಿರಾಣಿ ಅಂಗಡಿಯಿರಲಿ, ಅಂದಂದಿನ ಜಮೆ ಖರ್ಚನ್ನು ಅಂದಂದೇ ಬರೆದಿಡುವ ಕೈಗೆ ಬದಲಿಯಾದದ್ದು ಯಾವುದೂ ಇಲ್ಲ.

ಅವನ ಕೆಲಸವೇನು? ಬೆಳಗಿನ ನಗದು ಶಿಲ್ಕು, ಸಂಜೆಯ ಶಿಲ್ಕು, ನಡುವಿನ ಮಾರಾಟ. ಯಾರಿಗೆ ಉದ್ರಿ ಕೊಟ್ಟೆವು, ಯಾರ ಬಾಕಿ ತೀರಿತು. ಯಾವ ಬಿಲ್ಲಿನ ಸರಕು ಬಂತು, ಯಾವುದು ಮರಳಿ ಹೋಯಿತು. ಬ್ಯಾಂಕಿಗೆ ಕಟ್ಟಿದ್ದೆಷ್ಟು, ಫೋನಿನ ಮೂಲಕ ಬಂದದ್ದೆಷ್ಟು. ಕೇಳಲು ಸುಲಭವಾದ ಈ ಕೆಲಸವನ್ನು ವರ್ಷದ ಮುನ್ನೂರು ದಿನ ತಪ್ಪದೆ ಮಾಡುವುದು ಸುಲಭವಲ್ಲ. ಅದರಲ್ಲೂ ನಮ್ಮ ಮನೆತನದ ಅಂಗಡಿಗಳಲ್ಲಿ ಒಂದು ಹಳೆಯ ಪಿಡುಗಿದೆ: ಮನೆಯ ಹಣ ಮತ್ತು ಅಂಗಡಿಯ ಹಣ ಒಂದೇ ಚೀಲದಲ್ಲಿರುವುದು. ಮಗಳ ಮದುವೆಗೆ ತೆಗೆದ ಹಣ ಗಲ್ಲಾದಿಂದ ಹೋಗುತ್ತದೆ. ಸೋದರಮಾವ ಕೈಗಡವಾಗಿ ಕೊಟ್ಟದ್ದು ಅಂಗಡಿಯ ಖಾತೆಗೆ ಬರುತ್ತದೆ. ಗಿರಾಕಿಗಳು ಕೊಟ್ಟದ್ದು ಮಗನ ಸ್ವಂತ ಉಳಿತಾಯ ಖಾತೆಯಲ್ಲಿ ಜಮೆಯಾಗುತ್ತದೆ. ಇವನ್ನು ಬೇರ್ಪಡಿಸಿ ಬರೆಯುವ ಧೈರ್ಯವಿರುವ ಗುಮಾಸ್ತನೇ ಒಳ್ಳೆಯ ಗುಮಾಸ್ತ. ಸಾಹುಕಾರನು ಐದು ಸಾವಿರ ತೆಗೆದುಕೊಂಡರೆ ಸಾಹುಕಾರನ ಹೆಸರಿಗೇ ಖರ್ಚು ಹಾಕುವವನು ಬೇಕು.

ಇದರ ಬೆಲೆ ತಿಳಿದದ್ದು ೨೦೨೫ರ ಜುಲೈನಲ್ಲಿ. ಆ ತಿಂಗಳು ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯು.ಪಿ.ಐ. ಮೂಲಕ ಬಂದ ಹಣದ ಅಂಕಿಗಳನ್ನು ಹಿಡಿದು ಸಣ್ಣ ಸಣ್ಣ ವ್ಯಾಪಾರಿಗಳಿಗೂ ನೋಟೀಸು ಕಳಿಸಿತು. ಬೀದಿ ಬೀದಿಗಳಲ್ಲಿ ಗದ್ದಲವಾಯಿತು. ಕೆಲವರು ಫೋನಿನ ಹಣವೇ ಬೇಡವೆಂದು ಬೋರ್ಡು ಹಾಕಿದರು. ಬಂದ ಹಣದಲ್ಲಿ ತೆರಿಗೆಯಿಲ್ಲದ ಹಾಲು, ತರಕಾರಿಯ ಮಾರಾಟವೆಷ್ಟು, ಕೈಗಡವೆಷ್ಟು, ಮನೆಯವರು ಕಳಿಸಿದ್ದೆಷ್ಟು ಎಂದು ವಹಿ ತೋರಿಸಿ ಹೇಳಬಲ್ಲವರಿಗೆ ಉತ್ತರವಿತ್ತು. ವಹಿಯೇ ಇಲ್ಲದವರಿಗೆ ಎಂಥ ನಿಪುಣ ತೆರಿಗೆ ಸಲಹೆಗಾರನನ್ನು ಹಿಡಿದರೂ ಬರೆದುಕೊಡಲು ಏನಿತ್ತು? ಗುಮಾಸ್ತನನ್ನು ಬಿಡಿಸಿ ಆ ಸಂಬಳ ಉಳಿಸುತ್ತೇವೆನ್ನುವವರು ಇದನ್ನು ನೆನೆಯಬೇಕು.

ಇನ್ನು ಎರಡನೆಯವನ ಮಾತು. ಲೆಕ್ಕ ಬರೆಯುವುದಕ್ಕೆ ನಮ್ಮ ದೇಶದಲ್ಲಿ ಸರಕಾರದ ಪರವಾನಿಗೆ ಬೇಕಿಲ್ಲ. ಅಕ್ಷರ, ಅಂಕೆ, ನಿಯತ್ತು ಇದ್ದರೆ ಯಾರೂ ಬರೆಯಬಹುದು. ಆದರೆ ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಜಾರಿಗೆ ಬಂದಾಗ ಅದರ ಕಾಯಿದೆಯ ೪೮ನೆಯ ಕಲಮಿನಲ್ಲಿ ‘ಜಿ.ಎಸ್.ಟಿ. ಪ್ರಾಕ್ಟೀಷನರ್’ ಎಂಬ ನೋಂದಾಯಿತ ವರ್ಗವೊಂದನ್ನು ಮಾಡಿದರು. ವಾಣಿಜ್ಯಶಾಸ್ತ್ರ, ಕಾನೂನು, ವ್ಯವಹಾರ ನಿರ್ವಹಣೆ ಮೊದಲಾದ ವಿಷಯಗಳ ಪದವೀಧರರು, ಹಿಂದಿನ ಮಾರಾಟ ತೆರಿಗೆಯ ಕಾಲದಲ್ಲಿ ಕನಿಷ್ಠ ಐದು ವರ್ಷ ಪ್ರಾಕ್ಟೀಷನರುಗಳಾಗಿ ನೋಂದಾಯಿಸಿಕೊಂಡಿದ್ದವರು, ತೆರಿಗೆ ಇಲಾಖೆಯಿಂದ ನಿವೃತ್ತರಾದ ಗೆಜೆಟೆಡ್ ಅಧಿಕಾರಿಗಳು ಇದಕ್ಕೆ ಅರ್ಹರು. ನೋಂದಣಿಯಾದ ಪದವೀಧರನು ಎರಡು ವರ್ಷದೊಳಗೆ ಕೇಂದ್ರ ಸರಕಾರದ ಅಕಾಡೆಮಿ ನಡೆಸುವ ಪರೀಕ್ಷೆಯಲ್ಲಿ ಶೇಕಡಾ ೫೦ ಅಂಕ ಪಡೆದು ಉತ್ತೀರ್ಣನಾಗಬೇಕು. ಅಂಥವನು ವ್ಯಾಪಾರಿಯ ಪರವಾಗಿ ತನ್ನದೇ ಲಾಗಿನ್ನಿನಿಂದ ರಿಟರ್ನು ಸಲ್ಲಿಸಬಹುದು, ತೆರಿಗೆ ಕಟ್ಟಬಹುದು, ಮರುಪಾವತಿಗೆ ಅರ್ಜಿ ಹಾಕಬಹುದು, ಅಧಿಕಾರಿಯ ಮುಂದೆ ಹಾಜರಾಗಬಹುದು. ದುರ್ನಡತೆ ತೋರಿದರೆ ಅಧಿಕಾರಿಯು ವಿಚಾರಣೆ ನಡೆಸಿ ಅವನನ್ನು ಅನರ್ಹಗೊಳಿಸಲೂಬಹುದು.

ನಮ್ಮ ಪೇಟೆಗಳಲ್ಲಿ ‘ಟ್ಯಾಕ್ಸಿನವರು’ ಎಂದು ಕರೆಯಿಸಿಕೊಳ್ಳುವವರೆಲ್ಲ ಈ ವರ್ಗಕ್ಕೆ ಸೇರಿದವರೆಂದು ತಿಳಿಯಬಾರದು. ಹತ್ತಾರು ಅಂಗಡಿಗಳ ಪಾಸ್‌ವರ್ಡನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಮಾಲಿಕರ ಹೆಸರಿನಲ್ಲೇ ರಿಟರ್ನು ತುಂಬುವವರು ಬೇಕಾದಷ್ಟಿದ್ದಾರೆ. ಅವರಲ್ಲಿ ಜಾಣರೂ ಇದ್ದಾರೆ, ಪ್ರಾಮಾಣಿಕರೂ ಇದ್ದಾರೆ. ಆದರೆ ಅವರು ತುಂಬಿದ್ದನ್ನು ಕಾಯಿದೆಯು ಮಾಲಿಕನೇ ತುಂಬಿದ್ದೆಂದು ಕಾಣುತ್ತದೆ. ತಪ್ಪಾದರೆ ಅವರ ಮೇಲೆ ದೂರು ಕೊಡಲು ಒಂದು ಪೀಠವೂ ಇಲ್ಲ.

ಹಾಗಾದರೆ ಒಂದು ಸಣ್ಣ ಅಂಗಡಿಗೆ ನೋಂದಾಯಿತನ ಅವಶ್ಯಕತೆ ಯಾವಾಗ ಬರುತ್ತದೆ? ಇಲ್ಲಿಯೇ ಗಡಿನಾಡಿನ ಸಂಸಾರಗಳ ಸಂಗತಿ ಒಳನಾಡಿನವರ ಸಂಗತಿಗಿಂತ ಬೇರೆಯಾಗುವುದು. ಹುಬ್ಬಳ್ಳಿಯ ವ್ಯಾಪಾರಿಗೆ ರಾಜ್ಯದ ಎಲ್ಲೆ ದೂರದ ಮಾತು. ಅಕ್ಕಲಕೋಟೆಯವರಿಗೆ ಆಳಂದ, ಅಫಜಲಪುರಗಳು ನೆರೆಯ ಊರುಗಳು. ಜತ್ತಿನವರಿಗೆ ವಿಜಯಪುರ, ಕಾಸರಗೋಡಿನವರಿಗೆ ಮಂಗಳೂರು, ಹೊಸೂರಿನವರಿಗೆ ಬೆಂಗಳೂರು ಹಾಗೆಯೇ. ಬೀಗರು ಅಲ್ಲಿ, ಗಿರಾಕಿಗಳು ಅಲ್ಲಿ, ಸಗಟು ಪೇಟೆಯೂ ಅಲ್ಲಿ. ನಮ್ಮ ಮನಸ್ಸಿನಲ್ಲಿ ಇಲ್ಲದ ಗೆರೆಯೊಂದು ತೆರಿಗೆಯ ಕಾಯಿದೆಯಲ್ಲಿ ಬಲು ಸ್ಪಷ್ಟವಾಗಿದೆ. ನೋಂದಣಿಯ ಸಂಖ್ಯೆಯ ಮೊದಲ ಎರಡು ಅಂಕೆಗಳೇ ಅದನ್ನು ಸಾರುತ್ತವೆ: ಮಹಾರಾಷ್ಟ್ರಕ್ಕೆ ೨೭, ಕರ್ನಾಟಕಕ್ಕೆ ೨೯, ಗೋವೆಗೆ ೩೦, ಕೇರಳಕ್ಕೆ ೩೨, ತಮಿಳುನಾಡಿಗೆ ೩೩, ತೆಲಂಗಾಣಕ್ಕೆ ೩೬, ಆಂಧ್ರಕ್ಕೆ ೩೭.

ಸರಕು ಮಾರುವವರಿಗೆ ವರ್ಷದ ವಹಿವಾಟು ೪೦ ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಬೇಡವೆಂಬುದು ಸಾಮಾನ್ಯವಾಗಿ ಎಲ್ಲರೂ ಬಲ್ಲ ಮಾತು. ತೆಲಂಗಾಣದಲ್ಲಿ ಈ ಮಿತಿ ೨೦ ಲಕ್ಷವೇ ಎಂಬುದನ್ನು ಅಲ್ಲಿನ ನಮ್ಮವರು ನೆನಪಿಡಬೇಕು. ಸೇವೆಗಳಿಗಂತೂ ಮೇಲೆ ಹೇಳಿದ ರಾಜ್ಯಗಳಲ್ಲೆಲ್ಲ ೨೦ ಲಕ್ಷ. ಆದರೆ ತೆರಿಗೆಗೊಳಪಟ್ಟ ಸರಕನ್ನು ಇನ್ನೊಂದು ರಾಜ್ಯಕ್ಕೆ ಮಾರಿದವನಿಗೆ, ಕೈಕಸುಬಿನ ಕೆಲವು ನಿರ್ದಿಷ್ಟ ವಸ್ತುಗಳನ್ನು ಬಿಟ್ಟರೆ, ಈ ಮಿತಿಯ ಆಸರೆಯಿಲ್ಲ. ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ತನ್ನ ಹೊಲದ ಬೆಳೆಯನ್ನು ಮಾರುವ ಒಕ್ಕಲಿಗನಿಗೆ ನೋಂದಣಿ ಬೇಡ. ಆದರೆ ನೆರೆಹೊರೆಯವರ ಅಡಿಕೆಯನ್ನು ಕೊಂಡು ಒಟ್ಟುಗೂಡಿಸಿ ಕಾಸರಗೋಡಿನಿಂದ ಮಂಗಳೂರಿಗೆ ಸಾಗಿಸುವವನು ವ್ಯಾಪಾರಿ. ಒಂದೇ ಮನೆಯ ಅಣ್ಣ ಒಕ್ಕಲಿಗ, ತಮ್ಮ ವ್ಯಾಪಾರಿ ಎಂಬುದು ನಮ್ಮಲ್ಲಿ ಅಪರೂಪವೇನಲ್ಲ. ಇಬ್ಬರ ಸರಕೂ ಒಂದೇ ಜೀಪಿನಲ್ಲಿ ಹೋಗುತ್ತದೆ. ವಹಿಯಲ್ಲಿ ಮಾತ್ರ ಅವು ಬೇರೆಯಿರಬೇಕು.

ಇನ್ನೊಂದು ಹೆಚ್ಚಿನ ಅಪಾಯವುಂಟು. ವಹಿವಾಟು ಒಂದೂವರೆ ಕೋಟಿಯೊಳಗಿರುವ ಅಂಗಡಿಯವರು ಕಾಂಪೊಸಿಷನ್ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಆಗ ವ್ಯಾಪಾರಿಯು ಮಾರಾಟದ ಮೇಲೆ ಶೇಕಡಾ ೧ರಷ್ಟನ್ನು ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಗಿರಾಕಿಯಿಂದ ತೆರಿಗೆ ವಸೂಲು ಮಾಡುವ ಹಾಗಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಹಾಗೂ ಇಲ್ಲ. ಲೆಕ್ಕ ಸರಳ, ಒಳ್ಳೆಯ ದಿವಾಣಜಿಯೊಬ್ಬನೇ ನಿಭಾಯಿಸಬಲ್ಲ. ಆದರೆ ಈ ಸೌಲಭ್ಯಕ್ಕೆ ಒಂದು ಕಟ್ಟಳೆಯಿದೆ: ಹೊರರಾಜ್ಯಕ್ಕೆ ಸರಕನ್ನು ಮಾರಕೂಡದು.

ಅಕ್ಕಲಕೋಟೆಯಲ್ಲಿ ಇಂಥದೊಂದು ಬಟ್ಟೆಯಂಗಡಿಯಿದೆಯೆಂದು ಇಟ್ಟುಕೊಳ್ಳೋಣ. ತಿಂಗಳಿಗೆ ಐದು ಲಕ್ಷದಂತೆ ವರ್ಷಕ್ಕೆ ೬೦ ಲಕ್ಷದ ಮಾರಾಟ. ಕಾಂಪೊಸಿಷನ್ನಿನಲ್ಲಿ ವರ್ಷದ ತೆರಿಗೆ ೬೦,೦೦೦ ರೂಪಾಯಿ. ಜೂನ್ ಕೊನೆಗೆ ಆಳಂದದ ವ್ಯಾಪಾರಿಯೊಬ್ಬರು ಫೋನು ಮಾಡಿ ೧,೨೦,೦೦೦ ರೂಪಾಯಿಯ ತಾನುಗಳನ್ನು ತರಿಸಿಕೊಳ್ಳುತ್ತಾರೆ. ಹಳೆಯ ಗುರುತು, ನಗದು ವ್ಯವಹಾರ. ಟೆಂಪೋದಲ್ಲಿ ಸರಕು ಹೋಗುತ್ತದೆ. ದಿವಾಣಜಿ ಬಿಲ್ಲನ್ನು ಬರೆದ, ಜಮೆ ಹಾಕಿದ, ಪೈಸೆಯ ವ್ಯತ್ಯಾಸವಿಲ್ಲ. ಆದರೆ ಅಂದಿನಿಂದಲೇ ಆ ಅಂಗಡಿ ಕಾಂಪೊಸಿಷನ್ನಿಗೆ ಅನರ್ಹವಾಯಿತು. ಏಳು ದಿನದೊಳಗೆ ಅದನ್ನು ತಿಳಿಸಿ ಸಾಮಾನ್ಯ ಪದ್ಧತಿಗೆ ಬರಬೇಕಿತ್ತು. ಯಾರೂ ತಿಳಿಸಲಿಲ್ಲವೆಂದಿಟ್ಟುಕೊಳ್ಳಿ. ಮಿಕ್ಕ ಒಂಬತ್ತು ತಿಂಗಳ ೪೫ ಲಕ್ಷದ ಮಾರಾಟಕ್ಕೆ ಅಂಗಡಿಯವರು ಶೇಕಡಾ ೧ರಂತೆ ೪೫,೦೦೦ ಕಟ್ಟಿರುತ್ತಾರೆ; ಬಟ್ಟೆಯ ಮೇಲಿನ ಶೇಕಡಾ ೫ರ ದರದಲ್ಲಿ ಬರಬೇಕಾದದ್ದು ೨,೨೫,೦೦೦. ವ್ಯತ್ಯಾಸ ೧,೮೦,೦೦೦ ರೂಪಾಯಿ. ಅದರ ಮೇಲೆ ವರ್ಷಕ್ಕೆ ಶೇಕಡಾ ೧೮ರ ಬಡ್ಡಿ, ಜೊತೆಗೆ ದಂಡ. ಅಂಗಡಿಯಲ್ಲಿದ್ದ ಸರಕಿನ ಮೇಲೆ ಕೊಟ್ಟ ತೆರಿಗೆಯನ್ನು ಇದರಲ್ಲಿ ಕಳೆದುಕೊಳ್ಳುವ ದಾರಿಯೇನೋ ಇತ್ತು. ಅದಕ್ಕೂ ೩೦ ದಿನದೊಳಗೆ ಘೋಷಣೆ ಸಲ್ಲಿಸಬೇಕಿತ್ತು. ಗಿರಾಕಿಗಳಿಂದ ಈಗ ಹೋಗಿ ತೆರಿಗೆ ಕೇಳಲು ಬರುವುದಿಲ್ಲ. ಇದೆಲ್ಲ ಮನೆಯ ಗಂಟಿನಿಂದಲೇ ಹೋಗತಕ್ಕದ್ದು.

ಇಲ್ಲಿ ದಿವಾಣಜಿಯ ತಪ್ಪೇನೂ ಇಲ್ಲ. ಅವನ ಕೆಲಸ ನಡೆದದ್ದನ್ನು ಬರೆಯುವುದು. ನಡೆಯುವ ಮುನ್ನ ‘ಸಾಹುಕಾರ್ರ, ಈ ಸರಕು ಕಳಿಸಬ್ಯಾಡ್ರಿ, ಮೊದಲು ಕಾಂಪೊಸಿಷನ್ ಬಿಡೋಣು’ ಎಂದು ಹೇಳುವವನು ಬೇಕಿತ್ತು. ವರ್ಷಕ್ಕೆ ಎರಡು ಸಲ ಕೇಳುವ ಇಂಥ ಸಲಹೆಗೆ ಕೊಡುವ ಶುಲ್ಕವನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಬೇಕು.

ಅಂಗಡಿಗೆ ಬಂದು ಕೊಂಡುಹೋಗುವ ಗಿರಾಕಿಯ ವಿಷಯವೂ ಸೂಕ್ಷ್ಮವಾದದ್ದೇ. ೨೦೨೩ರ ಅಕ್ಟೋಬರ್ ೧ರಿಂದ ಬಂದ ತಿದ್ದುಪಡಿಯ ಪ್ರಕಾರ, ನೋಂದಣಿಯಿಲ್ಲದ ಸಾಮಾನ್ಯ ಗಿರಾಕಿಗೆ ಮಾರಿದಾಗ ಬಿಲ್ಲಿನಲ್ಲಿ ಅವನ ವಿಳಾಸ ಬರೆದಿದ್ದರೆ ಆ ವಿಳಾಸದ ರಾಜ್ಯದಲ್ಲಿ ಮಾರಾಟ ನಡೆದಂತೆ. ಬರೆಯದಿದ್ದರೆ ಅಂಗಡಿಯಿರುವ ರಾಜ್ಯದಲ್ಲಿಯೇ. ರಾಜ್ಯದ ಹೆಸರನ್ನಷ್ಟೇ ಬರೆದರೂ ವಿಳಾಸ ಬರೆದಂತೆಯೇ ಲೆಕ್ಕ. ಹಾಗೆಂದು ವಿಳಾಸವನ್ನು ಬಿಡುತ್ತ ಹೋಗುವುದೂ ಸಲ್ಲದು, ಏಕೆಂದರೆ ೫೦,೦೦೦ ರೂಪಾಯಿ ಮತ್ತು ಮೇಲ್ಪಟ್ಟ ತೆರಿಗೆ ಬಿಲ್ಲಿನಲ್ಲಿ ವಿಳಾಸ ಕಡ್ಡಾಯ. ಕೊಳ್ಳುವವರೂ ನೋಂದಾಯಿತ ವ್ಯಾಪಾರಿಗಳಾಗಿದ್ದರೆ ಲೆಕ್ಕ ಮತ್ತೆ ಬೇರೆ. ಸರಕು ಎಲ್ಲಿಗೆ ಮುಟ್ಟುತ್ತದೆಂಬುದನ್ನು ನೋಡಬೇಕಾಗುತ್ತದೆ. ಹಳೆಯ ‘ಸಿ ಫಾರಂ’ ಕಾಲದಲ್ಲಿ ನುರಿತ ಹಿರಿಯ ದಿವಾಣಜಿಗಳಿಗೂ ಈ ಹೊಸ ಕಟ್ಟಳೆಗಳನ್ನು ಯಾರೂ ಕರೆದು ಹೇಳುವುದಿಲ್ಲ. ೨೦೨೫ರ ಸೆಪ್ಟೆಂಬರ್ ೨೨ರಂದು ಶೇಕಡಾ ೧೨ ಮತ್ತು ೨೮ರ ಮಜಲುಗಳನ್ನು ತೆಗೆದು ಬಹುಮಟ್ಟಿಗೆ ೫ ಮತ್ತು ೧೮ಕ್ಕೆ ಇಳಿಸಿದಾಗ ಎಷ್ಟೋ ಅಂಗಡಿಗಳ ಬಿಲ್ಲಿನ ಲೆಕ್ಕವನ್ನೇ ತಿದ್ದಬೇಕಾಯಿತು.

ಕೂಡುಕುಟುಂಬದವರು ಇನ್ನೊಂದು ಮಾತನ್ನು ಕೇಳಬೇಕು. ಸೊಲ್ಲಾಪುರದಲ್ಲಿ ಒಂದು ಅಂಗಡಿ, ವಿಜಯಪುರದಲ್ಲಿ ಇನ್ನೊಂದು, ಎರಡಕ್ಕೂ ಒಂದೇ ಪ್ಯಾನ್ ಸಂಖ್ಯೆ. ಇಲ್ಲಿ ಉಳಿದ ಸರಕನ್ನು ಅಲ್ಲಿಗೆ ಕಳಿಸುವುದು ನಮ್ಮ ದೃಷ್ಟಿಯಲ್ಲಿ ಈ ಕೋಣೆಯಿಂದ ಆ ಕೋಣೆಗೆ ಸಾಮಾನು ಇಟ್ಟಂತೆ. ಕಾಯಿದೆಯಾದರೋ ಎರಡು ರಾಜ್ಯದ ಎರಡು ನೋಂದಣಿಗಳನ್ನು ಎರಡು ಬೇರೆ ವ್ಯಕ್ತಿಗಳೆಂದೇ ಕಾಣುತ್ತದೆ. ನಮ್ಮ ಅಂಗಡಿಯಿಂದ ನಮ್ಮ ಅಂಗಡಿಗೇ ಬಿಲ್ಲು ಮಾಡಿ, ತೆರಿಗೆ ಹಾಕಿ ಕಳಿಸಬೇಕು. ದಾರಿಯ ಮಾತೂ ಅಷ್ಟೇ: ಮಹಾರಾಷ್ಟ್ರ, ತಮಿಳುನಾಡುಗಳ ಒಳಗಿನ ಸಾಗಣೆಗೆ ಒಂದು ಲಕ್ಷ ರೂಪಾಯಿಯವರೆಗೆ ಇ-ವೇ ಬಿಲ್ ಬೇಡವೆಂದು ರೂಢಿಯಾದವರು, ರಾಜ್ಯ ದಾಟುವ ಸರಕಿಗೆ ಮಿತಿ ೫೦,೦೦೦ವೇ ಎಂಬುದನ್ನು ಮರೆತು ಸಿಕ್ಕಿಬೀಳುತ್ತಾರೆ. ನಾಕಾಗಳು ಹೋದವು, ಇನ್ನೇನು ಭಯವೆಂದುಕೊಂಡರೆ ಹಾಗಲ್ಲ. ಹೆದ್ದಾರಿಯಲ್ಲಿ ಎಲ್ಲಿಯಾದರೂ ಗಾಡಿ ನಿಲ್ಲಿಸಿ ಕೇಳಬಹುದು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ನಾಲ್ಕು ದಿನ ಮಳಿಗೆ ಹಾಕುವ ಸೊಲ್ಲಾಪುರದವರಿಗೂ, ಸಿದ್ಧೇಶ್ವರ ಜಾತ್ರೆಗೆ ಇತ್ತ ಬರುವ ಕರ್ನಾಟಕದವರಿಗೂ ‘ತಾತ್ಕಾಲಿಕ ತೆರಿಗೆದಾರ’ ಎಂಬ ಬೇರೊಂದು ನೋಂದಣಿ ಇದೆ. ವ್ಯಾಪಾರ ಆರಂಭಿಸುವ ಐದು ದಿನ ಮೊದಲೇ ಅರ್ಜಿ ಹಾಕಿ, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು.

ಇಷ್ಟನ್ನೆಲ್ಲ ಓದಿ ‘ಹಾಗಾದರೆ ನೋಂದಾಯಿತನಿಗೇ ಒಪ್ಪಿಸಿ ನಿಶ್ಚಿಂತರಾಗೋಣ’ ಎಂದುಕೊಂಡವರಿಗೆ ನಾವು ಹೇಳಬೇಕಾದ ಮುಖ್ಯ ಮಾತು ಇನ್ನೂ ಉಳಿದಿದೆ. ಪ್ರಾಕ್ಟೀಷನರನನ್ನು ಸೃಷ್ಟಿಸಿದ ಅದೇ ೪೮ನೆಯ ಕಲಮು, ಅವನು ಸಲ್ಲಿಸಿದ ವಿವರಗಳ ಸರಿತನದ ಹೊಣೆಯು ನೋಂದಾಯಿತ ವ್ಯಾಪಾರಿಯ ಮೇಲೆಯೇ ಮುಂದುವರಿಯುತ್ತದೆಂದು ಸ್ಪಷ್ಟವಾಗಿ ಹೇಳುತ್ತದೆ. ಶುಲ್ಕ ಕೊಟ್ಟು ಕೆಲಸವನ್ನು ವಹಿಸಬಹುದು, ಹೊಣೆಯನ್ನು ವಹಿಸಲು ಬರುವುದಿಲ್ಲ. ‘ಅದೆಲ್ಲಾ ನಮ್ಮ ಟ್ಯಾಕ್ಸಿನವ್ರು ನೋಡ್ತಾರ್ರೀ’ ಎಂಬ ಉತ್ತರವನ್ನು ಯಾವ ಅಧಿಕಾರಿಯೂ ಕೇಳುವುದಿಲ್ಲ.

ನಮಗೆ ಎಲ್ಲಕ್ಕಿಂತ ಕಳವಳ ಹುಟ್ಟಿಸುವ ಸಂಗತಿ ಬೀಗದ ಕೈಯದು. ನೋಂದಣಿ ಮಾಡಿಸುವಾಗ ಅವಸರದಲ್ಲಿ ಸಲಹೆಗಾರನು ತನ್ನದೇ ಮೊಬೈಲ್ ಸಂಖ್ಯೆ, ತನ್ನದೇ ಇ-ಮೇಲ್ ಹಾಕಿಬಿಡುತ್ತಾನೆ, ಒ.ಟಿ.ಪಿ. ಬಂದಾಗಲೆಲ್ಲ ಅಂಗಡಿಯವರಿಗೆ ತೊಂದರೆ ಬೇಡವೆಂಬುದು ಅವನ ನೆಪ. ಅಂದಿನಿಂದ ಇಲಾಖೆಯ ಪ್ರತಿಯೊಂದು ಸುದ್ದಿಯೂ ಅವನಿಗೇ ಹೋಗುತ್ತದೆ. ನೋಟೀಸನ್ನು ಪೋರ್ಟಲಿನಲ್ಲಿ ಹಾಕಿದರೂ ಜಾರಿಮಾಡಿದಂತೆಯೇ ಎಂದು ಕಾಯಿದೆ ಹೇಳುತ್ತದೆ. ಸಲಹೆಗಾರ ಊರಿಗೆ ಹೋಗಿದ್ದರೆ, ಕಾಯಿಲೆ ಬಿದ್ದಿದ್ದರೆ, ಅಥವಾ ಶುಲ್ಕದ ಬಾಕಿಗಾಗಿ ಮುನಿಸಿಕೊಂಡಿದ್ದರೆ, ನೋಟೀಸಿಗೆ ಉತ್ತರವಿಲ್ಲದೆ ಆದೇಶವೇ ಹೊರಬೀಳಬಹುದು. ಮೇಲ್ಮನವಿಗೆ ಮೂರು ತಿಂಗಳು, ಸಕಾರಣ ತೋರಿದರೆ ಮೇಲೊಂದು ತಿಂಗಳು, ಅಷ್ಟೇ; ವಿವಾದಿತ ತೆರಿಗೆಯ ಶೇಕಡಾ ೧೦ನ್ನು ಮುಂಗಡ ಕಟ್ಟಬೇಕು. ತಿಂಗಳ ರಿಟರ್ನು ಸಲ್ಲಿಸುವವರು ಆರು ತಿಂಗಳು ಎಡೆಬಿಡದೆ ಸಲ್ಲಿಸದಿದ್ದರೆ ನೋಂದಣಿಯೇ ರದ್ದಾಗಬಹುದು. ಬ್ಯಾಂಕಿನ ಖಾತೆಗೆ ತಡೆ ಬಿದ್ದಾಗಲೇ ಮಾಲಿಕರಿಗೆ ಗೊತ್ತಾಗುವ ಪ್ರಸಂಗಗಳು ಇಂಥವೇ.

ಇದಕ್ಕೆ ಮದ್ದು ಕಷ್ಟದ್ದಲ್ಲ. ಮೊಬೈಲ್ ಸಂಖ್ಯೆಯೂ ಇ-ಮೇಲೂ ಮನೆಯವರದೇ ಇರಬೇಕು. ಅಂಗಡಿಯಲ್ಲಿ ಕುಳಿತವರಿಗೆ ಬಿಡುವಿಲ್ಲದಿದ್ದರೆ ಮನೆಯಲ್ಲಿರುವ ಸೊಸೆಯೋ ಮಗಳೋ ವಾರಕ್ಕೊಮ್ಮೆ ಪೋರ್ಟಲನ್ನು ತೆರೆದು ನೋಟೀಸಿನ ಪುಟ ನೋಡಲಿ. ಹತ್ತು ನಿಮಿಷದ ಕೆಲಸ. ಪಾಸ್‌ವರ್ಡನ್ನು ಯಾರಿಗೂ ಕೊಡದೆಯೇ ನೋಂದಾಯಿತ ಪ್ರಾಕ್ಟೀಷನರನನ್ನು ನೇಮಿಸಿಕೊಳ್ಳುವ, ಬೇಡವಾದಾಗ ಬಿಡಿಸುವ ಏರ್ಪಾಡು ಪೋರ್ಟಲಿನಲ್ಲೇ ಇದೆ. ಈಗಾಗಲೇ ಕೈ ತಪ್ಪಿಹೋಗಿದ್ದರೆ, ದಾಖಲೆಗಳೊಡನೆ ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಂಡು ಸಂಖ್ಯೆಯನ್ನೂ ಇ-ಮೇಲನ್ನೂ ಬದಲಿಸಿಕೊಳ್ಳಬಹುದು.

ಗುಮಾಸ್ತ ಮತ್ತು ಪ್ರಾಕ್ಟೀಷನರ್ ಇಬ್ಬರೂ ಇರುವ ಅಂಗಡಿಯಲ್ಲಿ ಇವರಿಬ್ಬರ ನಡುವೆ ಮಾತುಕತೆ ಇರಬೇಕಾದದ್ದು ಮುಖ್ಯ. ೨೦೨೨ರ ಜನವರಿ ೧ರಿಂದ, ನಮಗೆ ಮಾರಿದವನು ತನ್ನ ರಿಟರ್ನಿನಲ್ಲಿ ನಮ್ಮ ಬಿಲ್ಲನ್ನು ತೋರಿಸಿ ಅದು ನಮ್ಮ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಆ ತೆರಿಗೆಯನ್ನು ನಾವು ಕಳೆದುಕೊಳ್ಳಬಹುದು. ಪಟ್ಟಿಯನ್ನು ತೆಗೆಯುವವನು ಪ್ರಾಕ್ಟೀಷನರ್. ಆ ಬಿಲ್ಲು ನಿಜಕ್ಕೂ ಬಂದಿತ್ತೇ, ಸರಕು ಇಳಿಯಿತೇ ಎಂದು ಬಲ್ಲವನು ಗುಮಾಸ್ತ. ಇಬ್ಬರೂ ತಿಂಗಳಿಗೊಮ್ಮೆ ಕುಳಿತು ಒಂದನ್ನೊಂದು ತಾಳೆ ನೋಡದಿದ್ದರೆ, ಸಿಗಬೇಕಾದದ್ದು ಕೈಬಿಟ್ಟು ಹೋಗುತ್ತದೆ. ಒಂದು ವರ್ಷದ ಬಿಲ್ಲಿನ ತೆರಿಗೆಯನ್ನು ಮರುವರ್ಷದ ನವೆಂಬರ್ ೩೦ರ ನಂತರ ಕೇಳಲು ಬರುವುದಿಲ್ಲ. ಅಂದಹಾಗೆ, ಅಂಗಡಿಯ ಕಾಯಂ ನೌಕರನೂ, ಮಾಲಿಕನ ಸಂಬಂಧಿಕನೂ ಅಧಿಕಾರಿಯ ಮುಂದೆ ಮಾಲಿಕನ ಪರವಾಗಿ ಹಾಜರಾಗಲು ಕಾಯಿದೆ ಅವಕಾಶ ಕೊಟ್ಟಿದೆ. ವಹಿಯನ್ನು ಬರೆದ ಗುಮಾಸ್ತನೇ ಹೋಗಿ ವಿವರಿಸಿದರೆ ಎಷ್ಟೋ ಸಲ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ.

ಚಾರ್ಟರ್ಡ್ ಅಕೌಂಟೆಂಟರ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ೧೯೪೯ರ ಕಾಯಿದೆಯಂತೆ ರಚಿತವಾದ ಸಂಸ್ಥೆಯ ಸದಸ್ಯರವರು. ಆದಾಯ ತೆರಿಗೆಯ ಲೆಕ್ಕಪರಿಶೋಧನೆ ಅವರಿಂದಲೇ ಆಗಬೇಕು. ವ್ಯಾಪಾರದ ವಹಿವಾಟು ಒಂದು ಕೋಟಿ ದಾಟಿದಾಗ, ನಗದಿನ ಪಾಲು ಶೇಕಡಾ ೫ನ್ನು ಮೀರದಿದ್ದರೆ ಹತ್ತು ಕೋಟಿ ದಾಟಿದಾಗ, ಆ ಪ್ರಶ್ನೆ ಏಳುತ್ತದೆ. ಅಷ್ಟು ಬೆಳೆದ ಅಂಗಡಿಗೆ ನಮ್ಮ ಸಲಹೆ ಬೇಕಾಗುವುದಿಲ್ಲ.

ಉಳಿದವರಿಗೆ ನಮ್ಮ ಅಭಿಪ್ರಾಯ ಇದು. ಒಂದೇ ರಾಜ್ಯದೊಳಗೆ, ಕಾಂಪೊಸಿಷನ್ನಿನಲ್ಲಿ, ಬಿಡಿ ಮಾರಾಟ ಮಾಡುವ ಅಂಗಡಿಗೆ ಒಬ್ಬ ಒಳ್ಳೆಯ ಗುಮಾಸ್ತ ಸಾಕು. ದಿನವೂ ಎರಡು ಗಂಟೆ ಬಂದು ಹೋಗುವವನಾದರೂ ಸರಿ. ವರ್ಷಕ್ಕೊಂದೆರಡು ಸಲ, ಅದರಲ್ಲೂ ಏಪ್ರಿಲ್ ಮೊದಲಲ್ಲಿ, ನೋಂದಾಯಿತನನ್ನು ಕಂಡು ಬರಬೇಕು. ದೀಪಾವಳಿಯ ಪಾಡ್ಯಕ್ಕೆ ನಾವು ಹೊಸ ವಹಿಯ ಪೂಜೆ ಮಾಡುತ್ತೇವಾದರೂ ಸರಕಾರದ ವರ್ಷ ಏಪ್ರಿಲ್ ೧ಕ್ಕೇ ಶುರುವಾಗುವುದು. ಸರಕು ಗಡಿ ದಾಟುವುದಾದರೆ, ಅದು ತಿಂಗಳಿಗೊಂದೇ ಸಲವಾದರೂ, ಗುಮಾಸ್ತನ ಜೊತೆಗೆ ನೋಂದಾಯಿತ ಪ್ರಾಕ್ಟೀಷನರ್ ಬೇಕೇ ಬೇಕು. ಇಲ್ಲಿ ಉಳಿತಾಯದ ಮಾತನ್ನು ನಾವು ಒಪ್ಪುವುದಿಲ್ಲ. ಇಬ್ಬರಿಗೂ ಕೊಡುವ ಶಕ್ತಿ ಇಲ್ಲದ ಮನೆಯುದ್ಯೋಗದ ತಾಯಂದಿರಿದ್ದರೆ, ದಿನದ ವಹಿಯನ್ನು ತಾವೇ ಬರೆದು ನೋಂದಾಯಿತನಿಗೆ ಮಾತ್ರ ಶುಲ್ಕ ಕೊಡಲಿ. ಬರೆಯುವುದನ್ನು ಮನೆಯಲ್ಲಿ ಕಲಿಯಬಹುದು. ಕಾಯಿದೆ ಕಲಿಯಲು ಸಮಯ ಹಿಡಿಯುತ್ತದೆ.

ನೋಂದಾಯಿತನೇ ಹೌದೇ ಎಂದು ತಿಳಿಯಲು ಅವನ ನೋಂದಣಿ ಪತ್ರವನ್ನು ಕೇಳುವುದರಲ್ಲಿ ಸಂಕೋಚ ಬೇಡ. ರಾಜ್ಯ, ಜಿಲ್ಲೆಯ ಪ್ರಕಾರ ಪ್ರಾಕ್ಟೀಷನರುಗಳನ್ನು ಹುಡುಕುವ ಸೌಕರ್ಯವೂ ಜಿ.ಎಸ್.ಟಿ. ಪೋರ್ಟಲಿನಲ್ಲಿದೆ. ಗಡಿಯ ವ್ಯಾಪಾರವನ್ನು ಅವನು ಬಲ್ಲನೇ ಎಂದು ತಿಳಿಯಲು ಮೇಲೆ ಹೇಳಿದ ಎರಡು ಪ್ರಶ್ನೆಗಳೇ ಸಾಕು: ನಮ್ಮ ಅಂಗಡಿಯಿಂದ ನಮ್ಮ ವಿಜಯಪುರದ ಅಂಗಡಿಗೆ ಸರಕು ಕಳಿಸಿದರೆ ಏನು ಮಾಡಬೇಕು, ಬಿಲ್ಲಿನಲ್ಲಿ ಕರ್ನಾಟಕದ ವಿಳಾಸ ಬರೆದರೆ ಏನಾಗುತ್ತದೆ. ನೋಟೀಸು ಇಂಗ್ಲಿಷಿನಲ್ಲೋ ಮರಾಠಿ, ಮಲಯಾಳ, ತೆಲುಗಿನಲ್ಲೋ ಬರುತ್ತದೆ. ಅದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ತಾಳ್ಮೆ ಅವನಿಗಿರಬೇಕು. ಕನ್ನಡ ಬಲ್ಲ ಪ್ರಾಕ್ಟೀಷನರುಗಳು ನಮ್ಮ ಪೇಟೆಗಳಲ್ಲಿ ಬೇಕಾದಷ್ಟು ಇಲ್ಲವೆಂಬುದು ನಮ್ಮ ಅನಿಸಿಕೆ. ಬಿ.ಕಾಂ. ಮುಗಿಸಿ ಕೆಲಸಕ್ಕಾಗಿ ಪುಣೆ, ಬೆಂಗಳೂರಿನ ದಾರಿ ನೋಡುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ಪರೀಕ್ಷೆಯ ಕಡೆ ಕಣ್ಣು ಹಾಯಿಸಬಾರದೇಕೆ? ಮನೆಯಲ್ಲೇ ಕುಳಿತು ಊರಿನ ಇಪ್ಪತ್ತು ಅಂಗಡಿಗಳ ಕೆಲಸ ನೋಡಿಕೊಳ್ಳಬಹುದಾದ ಉದ್ಯೋಗವಿದು.

ಕೊನೆಯದಾಗಿ ವಹಿ ಎಲ್ಲಿರಬೇಕೆಂಬ ಪ್ರಶ್ನೆ. ವಹಿ, ಬಿಲ್ಲುಗಳು ನೋಂದಣಿ ಪತ್ರದಲ್ಲಿ ಕಾಣಿಸಿದ ವ್ಯಾಪಾರದ ಸ್ಥಳದಲ್ಲೇ ಇರಬೇಕೆಂದು ಕಾಯಿದೆ ಹೇಳುತ್ತದೆ. ವಾರ್ಷಿಕ ರಿಟರ್ನಿನ ಗಡುವಿನಿಂದ ೭೨ ತಿಂಗಳವರೆಗೆ ಅವನ್ನು ಕಾದಿಡಬೇಕು. ಸಲಹೆಗಾರನ ಕಚೇರಿಯ ಕಪಾಟಿನಲ್ಲಿ ಕಟ್ಟುಗಳನ್ನು ಬಿಟ್ಟು ಬರುವ ರೂಢಿ ಒಳ್ಳೆಯದಲ್ಲ. ಅವನಿಗೆ ನಕಲು ಕೊಟ್ಟರೆ ಸಾಕು. ಮೂಲವನ್ನು ವರ್ಷವಾರು ಕಟ್ಟು ಕಟ್ಟಿ, ಮೇಲೆ ಇಸವಿ ಬರೆದು, ಅಂಗಡಿಯ ಒಳಕೋಣೆಯಲ್ಲಿ ಗೆದ್ದಲು ಹತ್ತದ ಜಾಗದಲ್ಲಿ ಇಟ್ಟುಕೊಳ್ಳಬೇಕು.